ಗಾಳಿ ಸೀಳುವ ಫ್ರೇಮಿಗೆ ಎಷ್ಟು ಮಾರ್ಕ್ಸ್?

ಭಾನುವಾರ ಬೆಳಗ್ಗೆ ಚಿಕ್ಕಜಾಲದ ಹತ್ತಿರ ನಿಂತರೆ, ನಂದಿ ಬೆಟ್ಟದ ಕಡೆ ಹೊರಟ ಸೈಕಲ್‌ಗಳ ಸಾಲು ಕಾಣುತ್ತೆ. ನಡುವೆ ಒಂದೆರಡು ವಿಚಿತ್ರ ಗಾಡಿಗಳು: ಕೊಳವೆಗಳು ವಿಮಾನದ ರೆಕ್ಕೆಯ ಹಾಗೆ ಚಪ್ಪಟೆ, ಸವಾರ ಮೊಣಕೈ ಊರಿ ಮುಂದಕ್ಕೆ ಬಾಗಿರ್ತಾನೆ. ಇವೇ ಟೈಮ್ ಟ್ರಯಲ್ ಸೈಕಲ್‌ಗಳು. ಬೆಲೆ ಕೇಳಿದರೆ ಕಾರು ನೆನಪಾಗುತ್ತೆ.

ನಮ್ಮ ಗುಂಪಿನ ಪುಟ್ಟ ರೇಸ್‌ಗಳಲ್ಲಿ ಇವನ್ನ ಬಿಡಬೇಕಾ ಅನ್ನೋದು ಮುಗಿಯದ ಜಗಳ. ದುಡ್ಡು ಕೊಟ್ಟು ವೇಗ ಕೊಳ್ಳೋದು ಮೋಸ ಅಂತ ಒಬ್ಬರು. ಹಾಗಾದ್ರೆ ಒಳ್ಳೆ ಊಟ, ಒಳ್ಳೆ ಕೋಚ್ ಕೂಡ ಮೋಸಾನೇ ಅಂತ ಇನ್ನೊಬ್ಬರು.

ಮೊದಲು ಗಾಳಿಯ ಲೆಕ್ಕ ನೋಡೋಣ. ಸಪಾಟು ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ದಾಟಿದರೆ ಶಕ್ತಿಯ ಬಹುಪಾಲು ಗಾಳಿ ತಳ್ಳೋದಕ್ಕೇ ಹೋಗುತ್ತೆ. ವೇಗ ಎರಡರಷ್ಟಾಗಬೇಕಾದರೆ ಗಾಳಿಯ ವಿರುದ್ಧ ಎಂಟರಷ್ಟು ಶಕ್ತಿ ಬೇಕು. ಆ ತಡೆಯಲ್ಲಿ ದೊಡ್ಡ ಪಾಲು ಫ್ರೇಮಿನದಲ್ಲ, ಮೈಯದು. ಅಂದರೆ ಇಂಥ ಫ್ರೇಮಿನ ಮುಖ್ಯ ಕೆಲಸ ಸವಾರನನ್ನು ಚಿಕ್ಕದಾಗಿ ಮಡಚಿ ಕೂರಿಸೋದು. ಸೀಟಿನ ಕೊಳವೆ ನೆಟ್ಟಗೆ, ಮುಂಭಾಗ ತಗ್ಗಾಗಿ ಇರೋದು ಅದಕ್ಕೇ.

ಇದನ್ನ ಚೆನ್ನಾಗಿ ಅರ್ಥ ಮಾಡ್ಕೊಂಡವನು ಸ್ಕಾಟ್ಲೆಂಡಿನ ಗ್ರೇಮ್ ಓಬ್ರಿ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಕ್ರಿಸ್ ಬೋರ್ಡ್‌ಮನ್, ಕಾರು ಕಂಪನಿ ಲೋಟಸ್‌ನ ಕಾರ್ಬನ್ ಸೈಕಲ್ ಮೇಲೆ 4,000 ಮೀಟರ್ ಪರ್ಸ್ಯೂಟ್ ಚಿನ್ನ ಗೆದ್ದ. ಮರುವರ್ಷ ಓಬ್ರಿ, ತಾನೇ ಕಟ್ಟಿದ, ವಾಷಿಂಗ್ ಮಷೀನಿನ ಬೇರಿಂಗ್ ಹಾಕಿದ ಸೈಕಲ್ಲಿನಲ್ಲಿ, ಕೈಗಳನ್ನು ಎದೆಯಡಿ ಮಡಚಿಕೊಂಡು ಒಂದು ಗಂಟೆಗೆ 51.596 ಕಿ.ಮೀ. ತುಳಿದು ವಿಶ್ವದಾಖಲೆ ಮಾಡಿದ. ಆರೇ ದಿನದಲ್ಲಿ ಬೋರ್ಡ್‌ಮನ್ ಅದನ್ನ ಮುರಿದ, ಅದು ಬೇರೆ ಮಾತು. 1994ರಲ್ಲಿ ಅಂತಾರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ, ಓಬ್ರಿಯ ಭಂಗಿಯನ್ನೇ ನಿಷೇಧಿಸಿತು. ಕೈ ಮುಂದೆ ಚಾಚುವ ಹೊಸ ಭಂಗಿ ಕಂಡುಹಿಡಿದ, ಅದೂ ನಿಷೇಧವಾಯ್ತು.

1996ರ ಲುಗಾನೊ ಸನ್ನದಿನಲ್ಲಿ ಯುಸಿಐ ಹೇಳಿದ್ದರ ಸಾರ: ಯಂತ್ರಕ್ಕಿಂತ ಮನುಷ್ಯ ಮುಖ್ಯ. ಫ್ರೇಮ್ ಹಳೆಯ ತ್ರಿಕೋನದ ಆಕಾರಕ್ಕೆ ಮರಳಬೇಕಾಯ್ತು. ಲೋಟಸ್ ಮಾದರಿಯೂ ಹೊರಬಿತ್ತು, ನಿಜ. ಆದರೆ ದುಡ್ಡಿದ್ದವರು ತ್ರಿಕೋನದ ಒಳಗೇ ವಿಂಡ್ ಟನಲ್ ಇಟ್ಟುಕೊಂಡು ಸೆಕೆಂಡು ಹೆಕ್ಕೋದು ಮುಂದುವರಿಸಿದರು. ಗ್ಯಾರೇಜಿನಲ್ಲಿ ಕೂತು ತಲೆ ಓಡಿಸಿದವನಿಗೆ ಮಾತ್ರ ಬಾಗಿಲು ಮುಚ್ಚಿತು.

ಅದಕ್ಕೇ ನನಗನ್ಸೋದು, ಯಂತ್ರ ಸಹಾಯ ಮಾಡುತ್ತಾ ಅನ್ನೋ ಪ್ರಶ್ನೆಯೇ ತಪ್ಪು. ಮಾಡೇ ಮಾಡುತ್ತೆ, ಸೈಕಲ್ ಅಂದ್ರೇನೇ ಯಂತ್ರ. ಕೇಳಬೇಕಾದ್ದು: ಅದು ಎದುರಾಳಿಗೂ ಎಟಕುತ್ತಾ? ಓಬ್ರಿಯ ಭಂಗಿಯನ್ನ ಯಾರು ಬೇಕಾದರೂ ನಕಲು ಮಾಡಬಹುದಿತ್ತು. ಇಎಂಐನಲ್ಲಿ ಬರೋ ಕಾರ್ಬನ್ ಹಾಗಲ್ಲ. ನಮ್ಮ ರಾಜ್ಯದ ಸೈಕ್ಲಿಂಗಿನ ಬೇರು ಇರೋದು ಏರ್‌ಪೋರ್ಟ್ ರೋಡಿನಲ್ಲಲ್ಲ, ವಿಜಯಪುರ, ಬಾಗಲಕೋಟೆಯಲ್ಲಿ. ಅಲ್ಲಿನ ಹುಡುಗಿಯೊಬ್ಬಳು ವರ್ಷಗಟ್ಟಲೆ ತುಳಿದು ಗಳಿಸಿದ ಅರ್ಧ ನಿಮಿಷವನ್ನ ನಾವು ಒಂದು ಬೋನಸ್‌ನಲ್ಲಿ ಕೊಂಡುಬಿಟ್ಟರೆ, ಅದು ನಿಯಮ ಮುರಿದಂತಲ್ಲ. ಆದರೆ ಗೆದ್ದೆ ಅನ್ನೋ ಮಾತಿಗೆ ಅರ್ಥ ಕಮ್ಮಿಯಾಗುತ್ತೆ.

ನಿಷೇಧ ನನಗೆ ಬೇಡ. ನಮ್ಮ ರೇಸ್‌ನಲ್ಲಿ ಎರಡು ಪಟ್ಟಿ ಇರಲಿ: ಸಾಮಾನ್ಯ ಸೈಕಲ್‌ನವರದ್ದು ಒಂದು, ಟೈಮ್ ಟ್ರಯಲ್ ಸೈಕಲ್‌ನವರದ್ದು ಒಂದು. ಜೊತೆಗೆ, ಎತ್ತರ ಹೊಂದಿದರೆ, ಇದ್ದವರು ಇಲ್ಲದವರಿಗೆ ಒಂದು ವಾರ ಸೈಕಲ್ ಕೊಡಲಿ. ಕಾಲಿನದೆಷ್ಟು, ಫ್ರೇಮಿನದೆಷ್ಟು ಅಂತ ಆಗ ಕೊಟ್ಟವರಿಗೂ ಗೊತ್ತಾಗುತ್ತೆ.