ಘಟ್ಟದ ದಾರಿಯಲ್ಲಿ ಹಿಂದಿರುಗಿದವನು

ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಬಯಲು ದಾರಿಯಲ್ಲಿ ಮೋಟಾರು ಸೈಕಲ್ಲು ನಡಿಸಿದವನು ಬಿಸಿಲೆ ಘಟ್ಟದಲ್ಲಿ ಬೇರೊಂದು ವಿದ್ಯೆಯನ್ನು ಕಲಿಯಬೇಕು. ಇಳಿಜಾರಿನಲ್ಲಿ ಬ್ರೇಕನ್ನೇ ನಂಬದೆ ಕೆಳಗಿನ ಗೇರಿನಲ್ಲಿ ಇಳಿಯಬೇಕು; ತಿರುವಿನಲ್ಲಿ ಹಿಂದೆ ಕುಳಿತವನು ನಡಿಸುವವನೊಡನೆ ಒಂದೇ ಕಡೆಗೆ ವಾಲಬೇಕು. ನಮ್ಮ ಹಿಂದಿದ್ದ ಅರಕಲಗೂಡಿನ ಸಹೋದರನು ಕಮರಿಯನ್ನು ಕಂಡು ಹೆದರಿ ಎದುರು ಕಡೆಗೆ ವಾಲಿದನು. ಇಬ್ಬರೂ ಕೆಸರಿಗೆ ಬಿದ್ದೆವು. ಅವನು ಅಲ್ಲಿಂದಲೇ ನಡೆದು ಹಿಂದಿರುಗಿದನು. ನಾವು ಅವನನ್ನು ಅಲ್ಪವಿಶ್ವಾಸಿಯೆಂದು ಗದರಿಸಿದೆವು. ನಿಜವಾಗಿ ಮಾತಾಡಿದ್ದು ನಮ್ಮ ಮೊಣಕಾಲಿನ ನೋವು.

ಆ ರಾತ್ರಿ ಅಪೊಸ್ತಲರ ಕೃತ್ಯಗಳ 13ನೆಯ ಅಧ್ಯಾಯವನ್ನು ಓದಿದೆವು. ಪೆರ್ಗೆಯಿಂದ ಪಿಸಿದ್ಯದ ಅಂತಿಯೋಕ್ಯಕ್ಕೆ ಹೋಗುವವರು ತಾರಸ್ ಬೆಟ್ಟಗಳನ್ನು ಹತ್ತಬೇಕು; ಆ ಪಟ್ಟಣವು ಸಮುದ್ರಮಟ್ಟಕ್ಕಿಂತ 3,000 ಅಡಿಗೂ ಮೇಲಿತ್ತು. ಯೋಹಾನ ಮಾರ್ಕನು ಪೆರ್ಗೆಯಲ್ಲೇ ಹಿಂದಿರುಗಿದನು. ಕಾರಣವನ್ನು ಲೂಕನು ಬರೆಯಲಿಲ್ಲ, ನಾವಾಗಿದ್ದರೆ ಬರೆಯುತ್ತಿದ್ದೆವು! ಮುಂದಿನ ಪ್ರಯಾಣಕ್ಕೆ ಪೌಲನು ಅವನನ್ನು ಒಲ್ಲೆನೆಂದನು, ಬಾರ್ನಬನು ಅವನ ಕೈಬಿಡಲಿಲ್ಲ. ವರುಷಗಳು ಕಳೆದ ಮೇಲೆ, ಬೇಡಿಯಲ್ಲಿದ್ದ ಅದೇ ಪೌಲನು ಮಾರ್ಕನನ್ನು ತನ್ನ ಬಳಿಗೆ ಕರತರಬೇಕೆಂದು ತಿಮೊಥೆಯನಿಗೆ ಬರೆದನು.

ನಿಮ್ಮ ಗ್ರಾಮದಲ್ಲಿಯೂ ನೆಂಟರ ಭಯದಿಂದಲೋ ಬಡತನದಿಂದಲೋ ಆರಾಧನೆಗೆ ಬರುವದನ್ನು ಬಿಟ್ಟವರಿದ್ದಾರೆ. ಅವರ ಬಾಗಿಲಿಗೆ ನಿಮ್ಮಲ್ಲಿ ಯಾರು ಹೋದಿರಿ?

ಆದಿತ್ಯವಾರ ನಾವು ಅರಕಲಗೂಡಿಗೆ ಹೋಗಿ ಆ ಸಹೋದರನ ಕ್ಷಮೆಯನ್ನು ಬೇಡಿದೆವು. ಅವನು ಉತ್ತರ ಕೊಡುವದಕ್ಕೆ ಮೊದಲು ನಮ್ಮ ಮೊಣಕಾಲನ್ನು ನೋಡಿ, ಗಾಯ ತೊಳೆಯಲು ಬಿಸಿನೀರು ತರಿಸಿದನು.