ಬೆಳಕಿಗೆ ಮುಂಚೆ ಕೇಳಬೇಕಾದ ಮಾತು

ಮಳೆ ಕೈಕೊಟ್ಟ ವರ್ಷಗಳಲ್ಲಿ ಕೃಷ್ಣರಾಜಸಾಗರದ ನೀರು ತೀರಾ ತಗ್ಗಿದಾಗ, ಮುಳುಗಡೆಯಾದ ಹಳೆಯ ಊರಿನ ಕಲ್ಲುಗಳು ತಲೆಯೆತ್ತುತ್ತವೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆಯ ಓದುಗರಿಗೆ ಇದು ಹೊಸ ಸಂಗತಿಯಲ್ಲ. 1911ರಲ್ಲಿ ಕೆಲಸ ಆರಂಭವಾದ ಈ ಅಣೆಕಟ್ಟನ್ನು ನಾವು ನಾಲೆ, ಗದ್ದೆ, ಕಬ್ಬಿನೊಂದಿಗೆ ನೆನೆಯುತ್ತೇವೆ. ಆದರೆ ಅದರ ಮುಖ್ಯ ಉದ್ದೇಶಗಳಲ್ಲಿ ವಿದ್ಯುತ್ತೂ ಒಂದು. 1902ರಿಂದ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿಯುತ್ತಿದ್ದ ವಿದ್ಯುತ್ತು ಬೇಸಿಗೆಯಲ್ಲಿ ಕುಂದದಿರಲು ಕಾವೇರಿಯ ನೀರನ್ನು ಮೇಲೆಯೇ ತಡೆದು ನಿಲ್ಲಿಸಬೇಕಾಗಿತ್ತು. ದೂರದ ಗಣಿಗೆ ಶಕ್ತಿ ಬೇಕಾಯಿತು; ಕನ್ನಂಬಾಡಿಯವರು ಊರು ಬಿಟ್ಟರು.

ಆ ಅಣೆಕಟ್ಟಿನಿಂದ ಮಂಡ್ಯದ ಮಕ್ಕಳು ಹೊಟ್ಟೆ ತುಂಬ ಉಂಡಿದ್ದಾರೆ. ಅದನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಉದ್ದೇಶ ಒಳ್ಳೆಯದಾದರೆ, ಜನರನ್ನು ಕೇಳುವ ಹೊಣೆಯಿಂದ ನಾವು ಮುಕ್ತರಾಗುತ್ತೇವೆಯೇ?

ಇಂದು ಈ ಪ್ರಶ್ನೆ ಸೌರಶಕ್ತಿಯ ರೂಪದಲ್ಲಿ ಮರಳಿ ಬಂದಿದೆ. ರೈತರ ಪಂಪ್‌ಸೆಟ್‌ಗಳಿಗೆ ಹಗಲಿನಲ್ಲಿ ವಿದ್ಯುತ್ ಕೊಡಲು ಕುಸುಮ್ ಯೋಜನೆಯಡಿ ಉಪಕೇಂದ್ರಗಳ ಸಮೀಪ ಸೌರ ಘಟಕಗಳನ್ನು ನಿರ್ಮಿಸಲಾಗುತ್ತಿದೆ. ಅದಕ್ಕೆ ಸರ್ಕಾರಿ ಜಮೀನೂ ಬಳಕೆಯಾಗುತ್ತಿದೆ. ಯೋಜನೆ ಒಳ್ಳೆಯದೇ. ಆದರೆ ದೊಡ್ಡ ಅಣೆಕಟ್ಟು, ಗಣಿಗಳಿಗೆ 2006ರ ಪರಿಸರ ಅಧಿಸೂಚನೆಯಂತೆ ನಡೆಯಬೇಕಾದ ಸಾರ್ವಜನಿಕ ವಿಚಾರಣೆ ಸೌರ ಫಲಕದ ಘಟಕಗಳಿಗೆ ಕಡ್ಡಾಯವಲ್ಲ. ಕಾನೂನು ಕೇಳದ ಕಡೆ ಮನಸ್ಸಾಕ್ಷಿ ಕೇಳಬೇಕಾಗುತ್ತದೆ.

ತುಮಕೂರು ಜಿಲ್ಲೆಯ ಪಾವಗಡವನ್ನು ನೋಡೋಣ. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. ರೈತರ ಜಮೀನನ್ನು ಕಸಿದುಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದರು. ಬರಪೀಡಿತ ನಾಡಿನಲ್ಲಿ ಅದು ದೊಡ್ಡ ಆಸರೆ. ಆದರೆ ಗುತ್ತಿಗೆಯ ಹಣ ಪಹಣಿಯಲ್ಲಿ ಹೆಸರಿದ್ದವರಿಗೆ ಮಾತ್ರ. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ ಕೂಲಿಯವಳಿಗೆ, ಕುರಿ ಮೇಯಿಸುತ್ತಿದ್ದವನಿಗೆ ಯಾವ ಪತ್ರವೂ ಇರಲಿಲ್ಲ. ಜಮೀನಿನ ಒಡೆಯನನ್ನು ಕೇಳಿದ ಮಾತ್ರಕ್ಕೆ ಊರನ್ನು ಕೇಳಿದಂತಾಗುವುದಿಲ್ಲ.

ಎಲ್ಲರನ್ನೂ ಕೇಳುತ್ತ ಕುಳಿತರೆ ಕೆಲಸ ನಡೆದೀತೇ ಎನ್ನುವವರಿದ್ದಾರೆ. ಅವರ ಆತಂಕ ಸುಳ್ಳಲ್ಲ. ಹವಾಮಾನ ಕೆಡುತ್ತಿರುವ ಕಾಲದಲ್ಲಿ ವಿಳಂಬವೂ ಬಡವರನ್ನೇ ಬಾಧಿಸುತ್ತದೆ. ಆದರೆ ಕೇಳುವುದೆಂದರೆ ಪ್ರತಿಯೊಬ್ಬನ ಕೈಗೂ ಬೀಗ ಕೊಡುವುದಲ್ಲ. ಮಳೆನೀರು ಯಾವ ಇಳಿಜಾರಿನಿಂದ ಕೆರೆ ಸೇರುತ್ತದೆ, ದನಕರು ಯಾವ ದಾರಿಯಲ್ಲಿ ಹೋಗುತ್ತವೆ, ಹಿರಿಯರ ಸಮಾಧಿ ಎಲ್ಲಿದೆ ಎಂಬುದು ನಕ್ಷೆ ಬರೆಯುವವರಿಗಿಂತ ಊರಿನವರಿಗೆ ಚೆನ್ನಾಗಿ ಗೊತ್ತು. ನಕ್ಷೆ ಮುಗಿದ ಮೇಲೆ ಸಭೆ ಕರೆದರೆ ಅದು ತಿಳಿಸುವುದು, ಕೇಳುವುದಲ್ಲ. ಪೋಪ್ ಫ್ರಾನ್ಸಿಸ್‌ರವರು 2015ರ ‘ಲೌದಾತೊ ಸೀ’ ವಿಶ್ವಪತ್ರದಲ್ಲಿ ಇಂಥ ಚರ್ಚೆಗಳಲ್ಲಿ ಸ್ಥಳೀಯ ಜನರಿಗೆ ವಿಶೇಷ ಸ್ಥಾನವಿರಬೇಕೆಂದು ಬೋಧಿಸಿದ್ದರ ಮರ್ಮವೂ ಇದೇ. ಪರಿಹಾರ ನಷ್ಟವನ್ನು ತುಂಬಬಹುದು. ಲೆಕ್ಕಕ್ಕೇ ಇಲ್ಲದವನಾದ ನೋವನ್ನು ತುಂಬಲಾರದು.

ಈ ಹೊಣೆ ಅಧಿಕಾರಿಗಳದ್ದು ಮಾತ್ರವಲ್ಲ. ನಮ್ಮ ಪಂಚಾಯತ್ ರಾಜ್ ಕಾನೂನು ವಾರ್ಡ್ ಸಭೆ, ಗ್ರಾಮಸಭೆಗಳನ್ನು ಕೊಟ್ಟಿದೆ. ಅವುಗಳಲ್ಲಿ ಮುಂದಿನ ಸಾಲಿನ ನಾಲ್ವರೇ ಮಾತನಾಡಿ ಏಳುವುದನ್ನು ನಾವೆಲ್ಲ ಕಂಡಿದ್ದೇವೆ. ನಾಳೆ ನಾಗಮಂಗಲದ ಒಂದು ಗೋಮಾಳಕ್ಕೆ ಸೌರ ಫಲಕ ಬರುವುದಾದರೆ, ಆ ಸಭೆಗೆ ನಾವು ಹೋಗೋಣ. ಹೋಗುವಾಗ, ಅಲ್ಲಿ ಮೇಕೆ ಮೇಯಿಸುವ ನೆರೆಮನೆಯ ಅಜ್ಜಿಯನ್ನೂ ಜೊತೆಗೆ ಕರೆದುಕೊಂಡು ಹೋಗೋಣ; ಅವರು ಮಾತನಾಡುವವರೆಗೆ ಸುಮ್ಮನಿರೋಣ.