ಚಿತ್ರಿತ ಅಂಡಕವಚವೂ ಶ್ರಾವಕನ ಅನುಮೋದನೆಯೂ

ನಿರ್ಜೀವವಾದ ವಸ್ತುವೊಂದನ್ನು ಮನೆಯಲ್ಲಿ ಇರಿಸಿಕೊಳ್ಳುವುದರಿಂದ ಅಹಿಂಸಾಣುವ್ರತಕ್ಕೆ ಬಾಧೆಯುಂಟಾಗುವುದೇ ಎಂಬುದು ಹಳೆಯ ಪ್ರಶ್ನೆ. ಶಂಖ, ಮುತ್ತು, ದಂತ, ಚರ್ಮ, ರೇಷ್ಮೆ ಇವುಗಳ ವಿಷಯದಲ್ಲಿ ಸದ್‌ಗೃಹಸ್ಥರು ಇದನ್ನು ಕೇಳುತ್ತಲೇ ಬಂದಿದ್ದಾರೆ. ದೂರದೇಶಗಳಲ್ಲಿ ಉದ್ಯೋಗಕ್ಕಿರುವ ಮಕ್ಕಳು ರಜೆಯಲ್ಲಿ ಊರಿಗೆ ಬರುವಾಗ ತರುವ ಕಾಣಿಕೆಗಳ ಮೂಲಕ ಅದೇ ಪ್ರಶ್ನೆ ಬೇರೆ ವೇಷದಲ್ಲಿ ಬಾಗಿಲಿಗೆ ಬಂದು ನಿಲ್ಲಬಹುದು. ದಕ್ಷಿಣ ಆಫ್ರಿಕದಲ್ಲಿ ಪ್ರವಾಸಿಗಳಿಗೆ ಮಾರುವ, ಆನೆ ಜಿರಾಫೆಗಳ ಚಿತ್ರ ಬರೆದು ಮೆರುಗುಕೊಟ್ಟ ಉಷ್ಟ್ರಪಕ್ಷಿಯ ಮೊಟ್ಟೆ ಅಂಥದೊಂದು ಕಾಣಿಕೆ. “ಒಳಗೆ ಏನೂ ಇಲ್ಲ ಅಪ್ಪಾ, ಬರಿಯ ಚಿಪ್ಪು, ಅದೂ ಮರಿಯಾಗದ ಮೊಟ್ಟೆಯಂತೆ” ಎಂದು ಮಗನು ಹೇಳಿದರೆ ವ್ರತಿಕನಾದ ತಂದೆಯು ಏನೆಂದು ಉತ್ತರಿಸಬೇಕು?

ಮೊಟ್ಟೆಯೆಂಬ ಶಬ್ದ ಕಿವಿಗೆ ಬಿದ್ದೊಡನೆಯೇ ಮುಖ ತಿರುಗಿಸಿಕೊಳ್ಳುವುದು ಉತ್ತರವಲ್ಲ. ಹೇಸಿಗೆ ಬೇರೆ, ವಿವೇಕ ಬೇರೆ. ವಸ್ತುವು ಎಲ್ಲಿಂದ, ಹೇಗೆ, ಯಾರ ಕೈಯಿಂದ ಬಂದಿತೆಂಬುದನ್ನು ಅರಿತ ಬಳಿಕವೇ ವ್ರತದ ವಿಚಾರವನ್ನು ಮಾಡಬೇಕಾಗುತ್ತದೆ.

ಉಷ್ಟ್ರಪಕ್ಷಿಯ ಮೊಟ್ಟೆ ಸುಮಾರು 15 ಸೆಂಟಿಮೀಟರ್ ಉದ್ದವಿದ್ದು ಒಂದು ಕಿಲೋಗ್ರಾಮಿಗೂ ಮಿಕ್ಕು ತೂಗುತ್ತದೆ. ಚಿಪ್ಪಿನ ದಪ್ಪ ಸುಮಾರು 2 ಮಿಲಿಮೀಟರ್. ದಂತದಂಥ ಬಣ್ಣ, ಮೈಮೇಲೆ ಸೂಜಿಮೊನೆ ತಾಗಿದಂಥ ಸೂಕ್ಷ್ಮ ರಂಧ್ರಗಳು. ಸಾಕಣೆಯ ಕೇಂದ್ರಗಳಲ್ಲಿ ಮೊಟ್ಟೆಗಳನ್ನು ಹಕ್ಕಿಯಿಂದ ಬೇರ್ಪಡಿಸಿ ಯಂತ್ರದ ಕಾವಿಗೆ ಇಡುವರು. ಮರಿಯು ಹೊರಬರಲು ಸುಮಾರು 42 ದಿನಗಳು ಬೇಕು. ಕೆಲವು ದಿನಗಳ ಬಳಿಕ ಕತ್ತಲೆಯ ಕೋಣೆಯಲ್ಲಿ ಪ್ರಖರವಾದ ದೀಪದ ಮುಂದೆ ಹಿಡಿದು ಪರೀಕ್ಷಿಸಿ, ಒಳಗೆ ಬೆಳವಣಿಗೆ ಕಾಣದಿದ್ದ ಮೊಟ್ಟೆಯನ್ನು ತೆಗೆದುಬಿಡುತ್ತಾರೆ. ಅಂಥದರ ತಳದಲ್ಲಿ ಬೈರಿಗೆಯಿಂದ ಸಣ್ಣ ರಂಧ್ರವನ್ನು ಕೊರೆದು, ತಂತಿಯಿಂದ ಒಳಗಿನ ದ್ರವವನ್ನು ಕದಡಿ, ಗಾಳಿಯೂದಿ ಹೊರಗೆಡಹುತ್ತಾರೆ. ತರುವಾಯ ಕ್ರಿಮಿನಾಶಕ ಬೆರೆಸಿದ ನೀರಿನಿಂದ ಒಳಭಾಗವನ್ನು ಮತ್ತೆ ಮತ್ತೆ ತೊಳೆದು, ರಂಧ್ರವನ್ನು ಕೆಳಮುಖ ಮಾಡಿ ಒಣಗಿಸುವರು. ಹೊರಮೈಯ ನುಣುಪಿನ ಮೇಲೆ ಬಣ್ಣ ಹಿಡಿಯಲಾರದಾದುದರಿಂದ ಮರಳುಕಾಗದದಿಂದ ಹಗುರವಾಗಿ ಉಜ್ಜಿ, ಬಿಳಿಯ ಲೇಪವನ್ನು ಕೊಟ್ಟು, ಅದು ಆರಿದ ಮೇಲೆ ಚಿತ್ರವನ್ನು ಬರೆಯುತ್ತಾರೆ. ದುಂಡನೆಯ ಮೈಮೇಲೆ ನೇರವಾದ ಗೆರೆಯೆಳೆಯುವುದು ಸುಲಭವಲ್ಲ. ಒಂದೊಂದು ಪದರವೂ ಒಣಗುವವರೆಗೆ ಕಾಯಬೇಕು. ಕೆಲವರು ಬಣ್ಣವನ್ನು ಬಿಟ್ಟು, ದಂತವೈದ್ಯರ ಉಪಕರಣದಂಥ ಸಣ್ಣ ಬೈರಿಗೆಯಿಂದ ಚಿಪ್ಪನ್ನೇ ಜಾಲಂಧ್ರದಂತೆ ಕೊರೆಯುವರು. ಈ ಕೆಲಸದಲ್ಲಿ ಅಪಾರವಾದ ತಾಳ್ಮೆಯಿದೆ; ಅದನ್ನು ಒಪ್ಪಿಕೊಳ್ಳದಿರುವುದು ಅನ್ಯಾಯ.

ಈ ಕಲೆಯೂ ನಿನ್ನೆ ಮೊನ್ನೆಯದಲ್ಲ. ದಕ್ಷಿಣ ಆಫ್ರಿಕದ ಡೀಪ್‌ಕ್ಲೂಫ್ ಎಂಬ ಬಂಡೆಯಾಸರೆಯಲ್ಲಿ ದೊರೆತ, ಗೆರೆಗಳನ್ನು ಕೊರೆದ ಚಿಪ್ಪಿನ ಚೂರುಗಳು ಸುಮಾರು 60,000 ವರ್ಷಗಳಷ್ಟು ಹಿಂದಿನವೆಂದು 2010ರಲ್ಲಿ ವಿದ್ವಾಂಸರು ಪ್ರಕಟಿಸಿದರು. ನಮ್ಮ ನೆರೆಯ ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ಪಾಟಣೆಯಲ್ಲಿಯೂ ಸುಮಾರು 25,000 ವರ್ಷ ಹಳೆಯದಾದ, ಅಡ್ಡಗೆರೆಗಳ ಅಲಂಕಾರವುಳ್ಳ ಚಿಪ್ಪು ಸಿಕ್ಕಿದೆ. ಒಂದು ಕಾಲಕ್ಕೆ ಈ ನೆಲದಲ್ಲಿಯೂ ಆ ಪಕ್ಷಿ ಓಡಾಡುತ್ತಿತ್ತು. ಕಾಲಹಾರಿಯ ಸಾನ್ ಜನರು ಬರಿದಾದ ಮೊಟ್ಟೆಯಲ್ಲಿ ನೀರು ತುಂಬಿ, ಬಾಯಿಗೆ ಹುಲ್ಲಿನ ಬೆಣೆಯನ್ನು ಗಿಡಿದು, ಬೇಸಗೆಗಾಗಿ ಮರಳಿನಲ್ಲಿ ಹೂತಿಡುತ್ತಿದ್ದರು. ನೀರೇ ಇಲ್ಲದ ನಾಡಿನಲ್ಲಿ ಅದು ಅವರ ಬಿಂದಿಗೆ. ಬಿಂದಿಗೆಯ ಮೇಲೆ ನಾಲ್ಕು ಗೆರೆ ಕೊರೆದುಕೊಂಡವರನ್ನೂ, ಗಾಜಿನ ಕಪಾಟಿನ ಶೋಭೆಗಾಗಿ ಕೊಳ್ಳುವವರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಇಂದಿನ ಮೊಟ್ಟೆ ಬರುವುದು ಬೇರೊಂದು ಲೋಕದಿಂದ. ಅಲ್ಲಿನ ಕರೂ ಎಂಬ ಒಣಸೀಮೆಯ ಓಟ್ಸ್‌ಹೂರ್ನ್ ಪಟ್ಟಣ ಈ ಸಾಕಣೆಯ ತವರು. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ಸ್ತ್ರೀಯರ ಟೋಪಿಗಳಿಗೆ ಬೇಕಾದ ಗರಿಗಳಿಗಾಗಿ ಅದು ಬೆಳೆಯಿತು. 1914ರಲ್ಲಿ ಗರಿಯ ಪೇಟೆ ಕುಸಿದುಬಿದ್ದಿತು. ಆಮೇಲೆ ಚರ್ಮ ಮತ್ತು ಮಾಂಸಗಳೇ ಮುಖ್ಯವಾದುವು. ಹಕ್ಕಿಯನ್ನು ಸುಮಾರು ಒಂದು ವರ್ಷದ ಪ್ರಾಯದಲ್ಲಿಯೇ ವಧಿಸುತ್ತಾರೆ. ಚಿತ್ರ ಬರೆದ ಮೊಟ್ಟೆಯು ಅದೇ ಅಂಗಳದ ಉಪಉತ್ಪನ್ನ. ಇನ್ನೊಂದು ಮಾತನ್ನೂ ಗಮನಿಸಬೇಕು. ಉಷ್ಟ್ರಪಕ್ಷಿಯ ಹಸಿ ಮೊಟ್ಟೆಯನ್ನು ಅಡುಗೆಗೂ ಬಳಸುವರು. ಹಾಗೆ ಬರಿದು ಮಾಡಿದ ಚಿಪ್ಪೂ, ಮರಿಯಾಗದೆಂದು ತೆಗೆದಿಟ್ಟ ಮೊಟ್ಟೆಯ ಚಿಪ್ಪೂ ಬಣ್ಣ ಬಳಿದ ಮೇಲೆ ಒಂದೇ. ಕೊಳ್ಳುವವನಿಗೆ ವ್ಯತ್ಯಾಸವನ್ನು ತಿಳಿಯುವ ಮಾರ್ಗವಿಲ್ಲ. “ಮರಿಯಾಗದ ಮೊಟ್ಟೆಯಂತೆ” ಎಂಬಲ್ಲಿಯ ಆ ‘ಅಂತೆ’ಯ ಮೇಲೆಯೇ ಮಗನ ಸಮಾಧಾನವೆಲ್ಲವೂ ನಿಂತಿದೆ.

ಚಿಪ್ಪಿನಲ್ಲಿ ಜೀವವಿಲ್ಲವೆಂಬುದು ನಿಜ. ಸುಣ್ಣದ ಸತ್ತ್ವದಿಂದಾದ ಆ ಗೋಡೆಯು ಅಜೀವ. ಅದನ್ನು ಮುಟ್ಟುವುದರಿಂದ ಯಾವ ಪ್ರಾಣಿಯ ಪ್ರಾಣಕ್ಕೂ ಘಾತವಿಲ್ಲ. ಆದರೆ ಹಿಂಸೆಯನ್ನು ಕೇವಲ ವಸ್ತುವಿನಲ್ಲಿ ಹುಡುಕುವುದು ಜಿನಾಗಮದ ರೀತಿಯಲ್ಲ. ಜನ್ನ ಕವಿಯು 1209ರಲ್ಲಿ ರಚಿಸಿದ ಯಶೋಧರ ಚರಿತೆಯ ಕಥೆಯನ್ನು ಅರಿಯದ ಜೈನಗೃಹವು ಕನ್ನಡನಾಡಿನಲ್ಲಿ ವಿರಳ. ಯಶೋಧರನು ತಾಯಿಯ ಮಾತಿಗೆ ಓಗೊಟ್ಟು ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಅದರಲ್ಲಿ ರಕ್ತಮಾಂಸಗಳಿರಲಿಲ್ಲ. ಆದರೂ ತಾಯಿಮಕ್ಕಳಿಬ್ಬರೂ ಅನೇಕ ಜನ್ಮಗಳಲ್ಲಿ ತಿರ್ಯಂಚರಾಗಿ ತೊಳಲಿದರು. ಅಲ್ಲಿ ವಸ್ತುವು ನಿರ್ದೋಷ, ಭಾವವು ದುಷ್ಟ. ಚಿತ್ರಿತ ಮೊಟ್ಟೆಯಲ್ಲಿಯಾದರೋ ಇದು ತಿರುಗುಮುರುಗಾಗಿದೆ. ಕೊಳ್ಳುವವನಿಗೆ ಕೊಲ್ಲುವ ಸಂಕಲ್ಪ ಲೇಶವೂ ಇಲ್ಲ; ಅವನು ಮೆಚ್ಚಿದುದು ಬಣ್ಣವನ್ನು. ಹಾಗಾದರೆ ಅವನು ನಿರ್ದೋಷಿಯೇ?

ಇಲ್ಲಿ ಅಹಿಂಸಾವ್ರತಕ್ಕಿಂತ ಅಚೌರ್ಯವ್ರತವೇ ಹೆಚ್ಚು ಬೆಳಕನ್ನು ನೀಡುತ್ತದೆ. ಆ ವ್ರತದ ಅತಿಚಾರಗಳಲ್ಲಿ ತದಾಹೃತಾದಾನವೆಂಬುದೊಂದುಂಟು. ಕಳ್ಳನು ಕದ್ದು ತಂದುದನ್ನು ತೆಗೆದುಕೊಳ್ಳುವುದು. ತೆಗೆದುಕೊಂಡವನು ಕನ್ನ ಕೊರೆದವನಲ್ಲ, ಕದಿಯೆಂದು ಹೇಳಿದವನೂ ಅಲ್ಲ. ಬೆಲೆಯನ್ನೂ ಕೊಟ್ಟಿದ್ದಾನೆ. ಆದರೂ ವ್ರತಕ್ಕೆ ಮಲಿನತೆ ತಟ್ಟಿತು. ವಸ್ತುವಿನೊಡನೆ ಅದು ಬಂದ ದಾರಿಯೂ ಮನೆಗೆ ಬರುತ್ತದೆ ಎಂಬುದನ್ನು ಆಚಾರ್ಯರು ಕಂಡುಕೊಂಡಿದ್ದರು. ಕೃತ, ಕಾರಿತ, ಅನುಮೋದನೆಗಳಲ್ಲಿ ಮೂರನೆಯದು ಸೂಕ್ಷ್ಮವಾದುದು. ಮಾಡುವುದನ್ನೂ ಮಾಡಿಸುವುದನ್ನೂ ನಿಲ್ಲಿಸುವುದು ಕೈಯಳತೆಯ ಮಾತು. ಮೆಚ್ಚುವುದನ್ನು ನಿಲ್ಲಿಸುವುದು ಹಾಗಲ್ಲ. ಮನೆಗೆ ಬಂದ ನಂಟರು ಕಪಾಟಿನ ಮುಂದೆ ನಿಂತು “ಎಷ್ಟು ಚೆನ್ನಾಗಿದೆ, ನಮಗೂ ಒಂದು ತರಿಸಿಕೊಡಿ” ಎಂದರೆ, ಆ ಕ್ಷಣದಲ್ಲಿ ಅನುಮೋದನೆಯು ಕಾರಿತಕ್ಕೆ ತಿರುಗಿತು. ಕಲೆಯ ಸೊಗಸೇ ಇದಕ್ಕೆ ನಿಮಿತ್ತವಾಗುತ್ತದೆ. ಬಣ್ಣವು ಚಿಪ್ಪಿನೊಡನೆ ಅಂಗಳವನ್ನೂ ಮರೆಮಾಡುತ್ತದೆ.

ಇದಕ್ಕೆ ಒಂದು ಆಕ್ಷೇಪವುಂಟು. ದಿಗಂಬರ ಮುನಿಗಳ ಕೈಯಲ್ಲಿರುವ ಪಿಂಛಿಯು ನವಿಲುಗರಿಯದಲ್ಲವೇ? ಪಕ್ಷಿಯ ಗರಿ ಸಲ್ಲುವುದಾದರೆ ಪಕ್ಷಿಯ ಚಿಪ್ಪು ಏಕೆ ಸಲ್ಲದು? ಇದನ್ನು ಕುಚೋದ್ಯವೆಂದು ತಳ್ಳಿಹಾಕಬಾರದು. ನವಿಲು ಪ್ರತಿವರ್ಷವೂ ತಾನಾಗಿಯೇ ಗರಿಗಳನ್ನು ಉದುರಿಸುತ್ತದೆ. ಉದುರಿದುದನ್ನು ಆಯ್ದುಕೊಂಡರೆ ಅದಕ್ಕೆ ನೋವಿಲ್ಲ, ನಷ್ಟವಿಲ್ಲ. ಮೇಲಾಗಿ ಪಿಂಛಿಯು ಅಲಂಕಾರವಲ್ಲ, ಕುಳ್ಳಿರುವ ಸ್ಥಳದ ಸೂಕ್ಷ್ಮಜೀವಿಗಳನ್ನು ಮೆಲ್ಲನೆ ಸರಿಸುವ ಸಂಯಮೋಪಕರಣ. ಹಕ್ಕಿಯಿಂದ ಕಿತ್ತ ಗರಿಯಾದರೆ ಅದೇ ಪಿಂಛಿಯು ಮುನಿಗೆ ಅಗ್ರಾಹ್ಯವೆಂಬುದರಲ್ಲಿ ಸಂದೇಹವಿಲ್ಲ. ಆದುದರಿಂದ ಪಿಂಛಿಯನ್ನು ದಾನಮಾಡುವ ಶ್ರಾವಕನೂ ಗರಿಯ ಮೂಲವನ್ನು ವಿಚಾರಿಸಬೇಕು. ಇದೇ ಅಳತೆಯನ್ನು ಚಿಪ್ಪಿಗೂ ಹಿಡಿಯಬಹುದು. ಮರಿಯು ಒಡೆದುಕೊಂಡು ಹೊರಟುಹೋದ ಬಳಿಕ ಉಳಿದ ಚೂರುಗಳನ್ನು ಆಯ್ದು ಉಜ್ಜಿ ಮಣಿಗಳನ್ನು ಮಾಡಿದರೆ ಅದು ಉದುರಿದ ಗರಿಗೆ ಸಮೀಪವಾದುದು. ಇಡಿಯಾದ ಮೊಟ್ಟೆಗೆ ಆ ಸೌಲಭ್ಯವಿಲ್ಲ. ಅದು ಇಡಿಯಾಗಿ ಉಳಿದಿರುವುದೇ ಅದರಿಂದ ಯಾವ ಮರಿಯೂ ಹೊರಬರಲಿಲ್ಲವೆಂಬುದಕ್ಕೆ ಸಾಕ್ಷಿ.

ಹಾಗಾದರೆ ತಂದೆಯು ಏನು ಮಾಡಬೇಕು? ಮೊಟ್ಟೆಯನ್ನು ಒಡೆದುಹಾಕುವುದರಿಂದ ಯಾವ ಜೀವಕ್ಕೂ ಉಪಕಾರವಾಗದು, ಪ್ರೀತಿಯಿಂದ ತಂದ ಮಗನ ಮನಸ್ಸು ಮಾತ್ರ ಒಡೆಯುತ್ತದೆ. ಮಾರಿದರೆ ಅದೇ ವ್ಯಾಪಾರದಲ್ಲಿ ತಾನೂ ಪಾಲುಗಾರನಾದಂತೆ. ದೇವರ ಕೋಣೆಯಲ್ಲಿ ಇಡುವ ಮಾತೇ ಇಲ್ಲ. ನೋಡುವವರ ಮೆಚ್ಚುಗೆಗೆ ಎಡೆಯಾಗದಂತೆ ಒಳಗಿರಿಸಿ, ಅದರ ತಯಾರಿಕೆಯ ಕ್ರಮವನ್ನು ಮಗನಿಗೆ ಸಾವಧಾನವಾಗಿ ತಿಳಿಸಿ, ಮತ್ತೊಂದನ್ನು ತರಬೇಡವೆಂದು ಹೇಳಿದರೆ ಸಾಕು.

ಮಗನು ಬುದ್ಧಿವಂತನಾಗಿದ್ದರೆ ಅಷ್ಟಕ್ಕೆ ಸುಮ್ಮನಿರಲಾರನು. ತಂದೆಯು ಅಭಿಷೇಕಕ್ಕೆ ಉಟ್ಟುಕೊಳ್ಳುವ ರೇಷ್ಮೆಯ ಮಡಿಯ ಬಗ್ಗೆ ಕೇಳುತ್ತಾನೆ. ಗೂಡಿನೊಳಗಿನ ಹುಳುವನ್ನು ಬಿಸಿಹಬೆಯಲ್ಲಿ ಕೊಂದು, ಗೂಡನ್ನು ಕುದಿನೀರಿನಲ್ಲಿ ಬೇಯಿಸಿ ಎಳೆದ ನೂಲಲ್ಲವೇ ಅದು? ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಕು. ಅದಕ್ಕಾಗಿ ಆಫ್ರಿಕಕ್ಕೂ ಹೋಗಬೇಕಾಗಿಲ್ಲ, ರಾಮನಗರದ ಗೂಡಿನ ಮಾರುಕಟ್ಟೆಯವರೆಗೆ ಹೋದರೆ ಸಾಕು. ಮೊಟ್ಟೆಯ ಚಿಪ್ಪಾದರೂ ಒಂದು ವೇಳೆ ಮರಿಯಿಲ್ಲದುದಾಗಿರಬಹುದು. ನುಣುಪಾದ ಉದ್ದನೆಯ ಎಳೆಯ ರೇಷ್ಮೆಗೆ ಆ ‘ಒಂದು ವೇಳೆ’ಯೂ ಇಲ್ಲ. ಹಿರಿಯರಿಂದ ಬಂದ ರೂಢಿಯೆಂದು ಹೇಳಿ ಮಗನ ಬಾಯಿ ಮುಚ್ಚಿಸಬಹುದು, ಅದು ಉತ್ತರವಾಗಲಾರದು. ಹತ್ತಿಯ ಪಂಚೆಯನ್ನು ಒಗೆದು, ಮಡಿಯಲ್ಲಿ ಒಣಗಿಸಿ ಉಟ್ಟು ಪೂಜೆ ಮಾಡುವ ಮನೆಗಳು ಇಲ್ಲದಿಲ್ಲ. ಬರುವ ದಶಲಕ್ಷಣ ಪರ್ವಕ್ಕೆ ಅಷ್ಟೇ ಸಾಲದೇ ಎಂಬುದನ್ನು ತಂದೆಮಕ್ಕಳು ಕೂಡಿ ಕುಳಿತು ಮಾತನಾಡಿಕೊಳ್ಳಬಹುದು.